ಪುಣೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ: ಮನೆಗಿಂತ ಮೊದಲು ದಾರಿ ನೋಡಿದ್ದು

ಬೇರೆ ರಾಜ್ಯದಿಂದ ಸಂಸಾರ ಸಮೇತ ಇಲ್ಲಿಗೆ ಬರುವವರು ‘ಯಾವ ಏರಿಯಾ ಛಲೋ?’ ಎಂದು ಕೇಳುತ್ತಾರೆ. ಉತ್ತರ ಸಿದ್ಧವೇ ಇರುತ್ತದೆ: ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆ, ಧಾರವಾಡವಾದರೆ ಸಪ್ತಾಪುರ, ಮಾಳಮಡ್ಡಿ. ಆದರೆ ಒಂದೇ ಬಡಾವಣೆಯಲ್ಲಿ ಒಂದು ಅಡ್ಡರಸ್ತೆಯಲ್ಲಿ ರಾತ್ರಿ ಹತ್ತರವರೆಗೂ ಜನ ಓಡಾಡುತ್ತಿದ್ದರೆ, ಅದರ ಹಿಂದಿನದು ಎಂಟಕ್ಕೇ ನಿರ್ಜನ. ಹಾಗಾಗಿ ಮನೆಯಿಂದ ಶಾಲೆಗೆ, ಬಸ್ಸಿಗೆ, ಕಿರಾಣಿ ಅಂಗಡಿಗೆ ಹೋಗುವ ದಾರಿಗಳನ್ನು ನಾನು ಮೊದಲು ನೋಡಿದೆ, ಆಮೇಲೆ ಮನೆ.

ಅಪರಾಧದ ಅಂಕಿ-ಅಂಶ ಇಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಮಹಾನಗರಗಳ ಪಟ್ಟಿ 20 ಲಕ್ಷ ಜನಸಂಖ್ಯೆ ಮೀರಿದ ಊರುಗಳದ್ದು; 2011ರ ಜನಗಣತಿಯಲ್ಲಿ ಅವಳಿ ನಗರದ್ದು ಸುಮಾರು 9.4 ಲಕ್ಷ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕಬೇಕು, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಅವನ್ನು ಠಾಣೆವಾರು ಎಣಿಸಿದರೂ ಮಾರುಕಟ್ಟೆ, ಬಸ್ ನಿಲ್ದಾಣ ಇರುವ ಠಾಣೆಯ ಲೆಕ್ಕ ದೊಡ್ಡದಾಗುತ್ತದೆ. ಅದೇ ಠಾಣೆಯ ಹಳೇ ಓಣಿಯೊಂದು ಹೊಸ ಲೇಔಟಿಗಿಂತ ಭದ್ರವಾಗಿರಬಹುದು. ಅಲ್ಲಿ ಹೊಸ ಮುಖ ಕಂಡರೆ ಕಟ್ಟೆ ಮೇಲೆ ಕೂತವರು ‘ಯಾರು ಬೇಕಾಗಿತ್ರಿ?’ ಎಂದು ವಿಚಾರಿಸುತ್ತಾರೆ. ಠಾಣೆಗೆ ಹೋಗಿ ಆ ಓಣಿಯ ಬೀಟ್ ಪೊಲೀಸರನ್ನೇ ಕೇಳುವುದು ಮೇಲು: ಹಗಲು ಮನೆಗಳ್ಳತನ ಎಲ್ಲಿ ಆಗಿದೆ, ಸರ ಕಿತ್ತದ್ದು ಯಾವ ರಸ್ತೆಯಲ್ಲಿ?

ಮಾಲೀಕರನ್ನೂ ದಲ್ಲಾಳಿಯನ್ನೂ ‘ಏರಿಯಾ ಹೆಂಗೈತ್ರಿ?’ ಅಂದರೆ ‘ಭಾಳ ಛಲೋ ಐತ್ರಿ’ ಎಂದೇ ಹೇಳುತ್ತಾರೆ. ಅಲ್ಲಿ ಬಾಡಿಗೆಗಿರುವ ಹೆಣ್ಣುಮಕ್ಕಳನ್ನು ಕೇಳಬೇಕು, ಅದೂ ಬಿಡಿಬಿಡಿಯಾಗಿ: ‘ಅಕ್ಕಾರ, ಟ್ಯೂಷನ್ ಮುಗಿಸಿ ಹುಡುಗ್ಯಾರು ಒಬ್ಬರ ನಡಕೊಂಡು ಬರ್ತಾರೇನ್ರಿ?’ ‘ಖಾಲಿ ಸೈಟಿನ್ಯಾಗ ರಾತ್ರಿ ಯಾರರ ಕುಂಡರ್ತಾರೇನ್ರಿ?’ ನಂತರ ರಾತ್ರಿ ಒಂಬತ್ತೂವರೆಗೆ ಒಮ್ಮೆ, ಭಾನುವಾರ ಮಧ್ಯಾಹ್ನ ಒಮ್ಮೆ ಅದೇ ದಾರಿಯಲ್ಲಿ ನಡೆದು ನೋಡಬೇಕು. ಕಾರಿನಲ್ಲಿ ಹೋದರೆ ಕತ್ತಲೆ ಗೊತ್ತಾಗುವುದಿಲ್ಲ, ಬೀದಿನಾಯಿಗಳೂ ಗೊತ್ತಾಗುವುದಿಲ್ಲ.

ಹೊಸ ಲೇಔಟ್‌ನಲ್ಲಿ ಬೀದಿದೀಪ ಸಾಲಾಗಿ ಕೆಟ್ಟಿದ್ದರೆ, ಲೇಔಟ್ ಪಾಲಿಕೆಗೆ ಹಸ್ತಾಂತರವಾಗಿದೆಯೇ ಎಂದು ವಾರ್ಡಿನ ವಲಯ ಕಚೇರಿಯಲ್ಲಿ ಕೇಳಿ. ಆಗಿರದಿದ್ದರೆ ದೀಪ, ಗಟಾರ, ರಸ್ತೆ ಎಲ್ಲವೂ ಡೆವಲಪರ್ ಹೊಣೆ. ಸೈಟುಗಳು ಮಾರಾಟವಾದ ಮೇಲೆ ಆತ ಸಿಗುವುದು ಕಷ್ಟ. ಇಲ್ಲಿಯದು ಹೆಚ್ಚಾಗಿ ಎರೆಮಣ್ಣು. ಡಾಂಬರಿಲ್ಲದ ರಸ್ತೆ ಜುಲೈನಲ್ಲಿ ರಾಡಿಯಾಗಿ ಸ್ಕೂಟರ್ ಜಾರುತ್ತದೆ, ಆಟೊದವರು ಒಳಗೆ ಬರಲು ಒಪ್ಪುವುದಿಲ್ಲ, ಮಕ್ಕಳು ಮುಖ್ಯರಸ್ತೆಯಲ್ಲೇ ಇಳಿದು ನಡೆಯಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾ ಪಕ್ಕದ ಮನೆಯಾದರೆ ಕಾಂಪೌಂಡ್ ಗೋಡೆಯ ಮೇಲೆ ಹಳೆಯ ನೀರಿನ ಗೆರೆ ಹುಡುಕಿ.

ಕಳ್ಳರಿಗಿಂತ ವಾಹನಗಳ ಭಯ ನನಗೆ ಹೆಚ್ಚು. ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ನಡುವೆ ಇವೆ. ನವನಗರ, ಉಣಕಲ್, ಭೈರಿದೇವರಕೊಪ್ಪದಲ್ಲಿ ಮನೆ ನೋಡುವಾಗ ‘ನಿಲ್ದಾಣ ಹತ್ತಿರ’ ಅಂದರೆ ಸಾಲದು; ನಿಲ್ದಾಣ ಮುಟ್ಟಲು ಮಗು ವಾಹನಗಳ ನಡುವೆ ರಸ್ತೆ ದಾಟಬೇಕು. ದಾಟುವಲ್ಲಿ ಸಿಗ್ನಲ್ ಇದೆಯೇ, ಇದ್ದರೆ ಬೆಳಿಗ್ಗೆ ಎಂಟಕ್ಕೆ ಅದು ನಡೆಯುತ್ತಿರುತ್ತದೆಯೇ ಎಂದು ಶಾಲೆಯ ಹೊತ್ತಿನಲ್ಲೇ ನಿಂತು ನೋಡಿ.

ನೀರಿನ ವಿಷಯವೂ ಸುರಕ್ಷತೆಗೆ ಸೇರಿದ್ದೇ. ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನಳದಲ್ಲಿ ನೀರಿದೆ, ಉಳಿದ ಕಡೆ ಹಲವು ದಿನಕ್ಕೊಮ್ಮೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ನೀರು ಬಿಟ್ಟಾಗ ಅಥವಾ ಟ್ಯಾಂಕರ್ ಬಂದಾಗ ಗೇಟು ತೆರೆಯುವುದು ಮನೆಯಲ್ಲಿರುವ ಮಗು. ಸಂಪ್ ಎಷ್ಟು ಲೀಟರಿನದು, ನೀರು ಬಿಡುವ ಹೊತ್ತು ಯಾವುದು ಎಂದು ಕೇಳಿ. ನಾಲ್ಕು ಜನರಿಗೆ ಎಂಟು ದಿನ ಸಾಗಿಸಲು 4,000 ಲೀಟರಾದರೂ ಬೇಕು. ಸಂಪಿನ ಮುಚ್ಚಳಕ್ಕೆ ಕೀಲಿ ಇರಲೇಬೇಕು.

ಮೊದಲು 11 ತಿಂಗಳ ಬಾಡಿಗೆ ಕರಾರು ಮಾಡಿಕೊಳ್ಳಿ. ಒಂದು ಮಳೆಗಾಲ ನೋಡದೆ ಮನೆ ಕೊಳ್ಳಬೇಡಿ. ಬೇರೆ ರಾಜ್ಯದ ನಂಬರಿನ ಗಾಡಿ 12 ತಿಂಗಳು ಮೀರಿ ಇಲ್ಲೇ ಇದ್ದರೆ ಮರುನೋಂದಣಿ ಆಗಬೇಕು. ಧಾರವಾಡಕ್ಕೆ ಕೆಎ-25, ಹುಬ್ಬಳ್ಳಿಗೆ ಕೆಎ-63. ಅದಕ್ಕೆ ಬೇಕಾದ ನಿರಾಕ್ಷೇಪಣಾ ಪತ್ರವನ್ನು ಹಳೇ ಊರಿನ ಆರ್‌ಟಿಒದಲ್ಲಿ ಸಾಮಾನು ಕಟ್ಟುವ ಮೊದಲೇ ಮಾಡಿಸಿಕೊಳ್ಳಿ. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು.