ರೊಟ್ಟಿ ಒಲೆಗೆ ಇಟ್ಟಿಗೆಯ ಅಲಂಕೃತ ಹೊಗೆಗೂಡು ಕಟ್ಟುವ ಕ್ರಮ

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಅಡುಗೆಯ ಹೊಗೆ ಗವಾಕ್ಷಿಯಿಂದ, ಅಂದರೆ ಮಾಳಿಗೆಯಲ್ಲಿ ಬಿಟ್ಟ ಕಂಡಿಯಿಂದ, ಹೊರಹೋಗುತ್ತಿತ್ತು. ಮಾಳಿಗೆ ಹೋಗಿ ಸ್ಲ್ಯಾಬ್ ಬಂದ ಮೇಲೆ ಗವಾಕ್ಷಿ ಮುಚ್ಚಿತು. ಆದರೆ ಗ್ಯಾಸ್ ಇದ್ದರೂ ಜೋಳದ ರೊಟ್ಟಿಗೆಂದು ಕಟ್ಟಿಗೆಯ ಒಲೆಯನ್ನು ಉಳಿಸಿಕೊಂಡ ಮನೆಗಳು ಇನ್ನೂ ಬಹಳ ಇವೆ. ಅಂಥ ಮನೆಗೆ ಇಟ್ಟಿಗೆಯ ಹೊಗೆಗೂಡು ಅಗತ್ಯದ ವಸ್ತು, ಮತ್ತು ಗಿಲಾಯಿ (ಪ್ಲಾಸ್ಟರ್) ಮಾಡದೆ ಇಟ್ಟಿಗೆಯ ಮುಖವನ್ನೇ ತೋರಿಸಿ ಕಟ್ಟಿದರೆ ಅದು ಮನೆಯ ಚೆಲುವೂ ಆಗುತ್ತದೆ. ಅಲಂಕಾರವೆಂದರೆ ಕಟ್ಟಿದ ಮೇಲೆ ಸಿಮೆಂಟಿನಲ್ಲಿ ಮೆತ್ತುವ ಹೂಬಳ್ಳಿಯಲ್ಲ. ಇಟ್ಟಿಗೆಯನ್ನು ಇಡುವ ರೀತಿಯಲ್ಲೇ ಅದು ಹುಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನೆಲವನ್ನು ನೋಡಬೇಕು. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಕಿರಿದಾದ ತಳದ ಮೇಲೆ ಹೆಚ್ಚು ಭಾರ ಹೊತ್ತು ನಿಲ್ಲುವ ಹೊಗೆಗೂಡು ಅಲ್ಲಿ ಬಹುಬೇಗ ವಾಲುತ್ತದೆ. ಆದ್ದರಿಂದ ಎರೆ ಮಣ್ಣನ್ನು ಪೂರ್ತಿ ತೆಗೆದು, ಗಟ್ಟಿ ಗರಸು ಅಥವಾ ಬಂಡೆ ಸಿಗುವವರೆಗೆ ಅಗೆದು, ಅಲ್ಲಿಂದ ಕಲ್ಲಿನ ಪಾಯ ಎಬ್ಬಿಸಬೇಕು. ಹಳೆಯ ಮನೆಯ ಗೋಡೆಗೆ ಹೊಸ ಗೂಡನ್ನು ಬೆಸೆಯುವುದು ಸರಿಯಲ್ಲ. ಎರಡೂ ಬೇರೆ ಬೇರೆಯಾಗಿ ಕುಸಿಯುವುದರಿಂದ ಕೂಡುವ ಕಡೆಯಲ್ಲೇ ಬಿರುಕು ಬಿಡುತ್ತದೆ.

ಇಟ್ಟಿಗೆಯ ಆಯ್ಕೆಗೆ ಭಟ್ಟಿಗೆ ನೀವೇ ಹೋಗಬೇಕು. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ಬಡಿದರೆ ಕಂಚಿನಂತೆ ಖಣಿಲೆನ್ನಬೇಕು, ಉಗುರಿನಿಂದ ಗೀರಿದರೆ ಗೆರೆ ಮೂಡಬಾರದು, ಮುರಿದರೆ ಒಳಗೆಲ್ಲ ಒಂದೇ ಬಣ್ಣವಿರಬೇಕು. ಒಂದು ದಿನ ನೀರಿನಲ್ಲಿ ನೆನೆಸಿ ತೂಗಿದಾಗ, ಒಣ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಕುಡಿದಿದ್ದರೆ ಆ ಇಟ್ಟಿಗೆ ಬೇಡ. ಸೂರಿನ ಮೇಲಿನ ಭಾಗಕ್ಕೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ (1:4) ಗಾರೆ ಬೇಕು. ಬೆಂಕಿಗೆ ಹತ್ತಿರವಿರುವ ಒಲೆಯ ಗೂಡಿಗೆ ಸಿಮೆಂಟು ಸಲ್ಲದು, ಏಕೆಂದರೆ ಪದೇ ಪದೇ ಕಾದು ತಣ್ಣಗಾಗುವಾಗ ಅದು ಸತ್ವ ಕಳೆದುಕೊಂಡು ಉದುರುತ್ತದೆ. ಅಲ್ಲಿ ಸುಣ್ಣದ ಗಾರೆಯನ್ನೋ ಹದವಾದ ಮಣ್ಣನ್ನೋ ಬಳಸಬೇಕು. ಹಾಗೆಯೇ ಶಹಾಬಾದಿ ಕಲ್ಲನ್ನು ಒಲೆಯ ಮಗ್ಗುಲಿಗೆ ಇಡಬಾರದು, ಉರಿಗೆ ಅದು ಚಕ್ಕೆಯೇಳುತ್ತದೆ.

ಈಗ ಮುಖ್ಯವಾದ ವರಸೆಯ, ಅಂದರೆ ಒಂದರ ಮೇಲೊಂದು ಬರುವ ಇಟ್ಟಿಗೆ ಸಾಲಿನ, ಲೆಕ್ಕಕ್ಕೆ ಬರೋಣ. ಸಂದು (ಇಟ್ಟಿಗೆಗಳ ನಡುವಿನ ಗಾರೆಯ ಪದರ) ಸೇರಿ 9 ಅಂಗುಲ ಉದ್ದ, 4½ ಅಂಗುಲ ಅಗಲ ಬರುವ ಇಟ್ಟಿಗೆಯಿಂದ ಹೊರಗೆ 18 ಅಂಗುಲ, ಒಳಗೆ 9 ಅಂಗುಲ ಚೌಕದ ಗೂಡನ್ನು ಒಂದೇ ಒಂದು ಇಟ್ಟಿಗೆಯನ್ನೂ ಒಡೆಯದೆ ಕಟ್ಟಬಹುದು. ಮೊದಲ ವರಸೆಯಲ್ಲಿ ಎದುರುಬದುರಿನ ಎರಡು ಬದಿಗಳಿಗೆ ಎರಡೆರಡು ಇಟ್ಟಿಗೆಗಳನ್ನು ಉದ್ದಕ್ಕೆ ಇಟ್ಟು, ಉಳಿದ ಎರಡು ಬದಿಗಳಲ್ಲಿ ಅವುಗಳ ನಡುವೆ ಒಂದೊಂದು ಇಟ್ಟಿಗೆ ಕೂರಿಸಬೇಕು. ಮುಂದಿನ ವರಸೆಯಲ್ಲಿ ಇದೇ ಜೋಡಣೆಯನ್ನು ಕಾಲು ಸುತ್ತು ತಿರುಗಿಸಬೇಕು. ಆಗ ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಸಂದು ಎಲ್ಲಿಯೂ ಬೀಳುವುದಿಲ್ಲ. ವರಸೆಗೆ 6 ಇಟ್ಟಿಗೆ. ಸಂದು ಸೇರಿ ವರಸೆಯ ಎತ್ತರ 3 ಅಂಗುಲವಾದರೆ 10 ಅಡಿಗೆ 40 ವರಸೆ, ಅಂದರೆ 240 ಇಟ್ಟಿಗೆ. ಇಟ್ಟಿಗೆಗಳನ್ನು ಮೊದಲೇ ನೀರಿನಲ್ಲಿ ಚೆನ್ನಾಗಿ ನೆನೆಸಿರಬೇಕು, ಇಲ್ಲವಾದರೆ ಗಾರೆಯ ನೀರನ್ನೆಲ್ಲ ಅವೇ ಹೀರುತ್ತವೆ. ಪ್ರತಿ ಮೂರು ನಾಲ್ಕು ವರಸೆಗೊಮ್ಮೆ ನಾಲ್ಕೂ ಮೂಲೆಗೆ ತೂಗುಗುಂಡು ಬಿಟ್ಟು ನೋಡಬೇಕು, ಒಂದು ದಿನಕ್ಕೆ 4 ಅಡಿಗಿಂತ ಹೆಚ್ಚು ಎಬ್ಬಿಸಬಾರದು. ಕಟ್ಟುತ್ತಾ ಹೋದಂತೆ ಒಳಮುಖಕ್ಕೆ ಸುಣ್ಣದ ಗಾರೆಗೆ ಸಗಣಿ ಬೆರೆಸಿ ನುಣ್ಣಗೆ ಬಳಿಯಬೇಕು; ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

ಒಲೆಯ ಗೂಡಿನ ಬಾಯಿ ಹೊಗೆದಾರಿಯ 10 ಪಟ್ಟು ವಿಸ್ತೀರ್ಣವನ್ನು ಮೀರಿದರೆ ಹೊಗೆ ಅಡುಗೆಮನೆಗೆ ಮರಳುತ್ತದೆ. 9 ಅಂಗುಲ ಚೌಕದ ದಾರಿಗೆ 30 ಅಂಗುಲ ಅಗಲ, 24 ಅಂಗುಲ ಎತ್ತರದ ಬಾಯಿ ಸರಿಹೋಗುತ್ತದೆ. ಮಾಳಿಗೆಯ ತೊಲೆ, ಜಂತಿಗಳಿಂದ ಗೂಡಿಗೆ ಕನಿಷ್ಠ 2 ಅಂಗುಲ ಅಂತರ ಇರಲೇಬೇಕು. ಚಾವಣಿಯ ಮೇಲೆ ಗೂಡು 3 ಅಡಿಯಾದರೂ ಏಳಬೇಕು; 10 ಅಡಿಯೊಳಗೆ ಕೈಪಿಡಿ ಗೋಡೆಯಿದ್ದರೆ ಅದಕ್ಕಿಂತ 2 ಅಡಿ ಮೇಲಿರಬೇಕು. ಆದರೆ ಆಧಾರವಿಲ್ಲದೆ ನಿಲ್ಲುವ ಎತ್ತರ ಗೂಡಿನ ಅಗಲದ ನಾಲ್ಕೂವರೆ ಪಟ್ಟನ್ನು ದಾಟಬಾರದಾದ್ದರಿಂದ, ನಮ್ಮ ಬಯಲುಸೀಮೆಯ ಆಷಾಢದ ಗಾಳಿಯನ್ನು ನೆನೆದು 6 ಅಡಿಗೆ ನಿಲ್ಲಿಸುವುದು ಕ್ಷೇಮ.

ಅಲಂಕಾರವೆಲ್ಲ ಈ ಮೇಲ್ಭಾಗಕ್ಕೇ ಸೇರಿದ್ದು. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಂಥಲ್ಲಿ ಹುರಿ ಹೊಸೆದಂತೆ ತಿರುಚಿಕೊಂಡು ಏಳುವ ಗೂಡುಗಳಿಗೆ ವಿಶೇಷ ಆಕಾರದ ಇಟ್ಟಿಗೆಗಳೇ ಬೇಕು. ನಾವು ಸಾದಾ ಇಟ್ಟಿಗೆಯನ್ನೇ ತಿರುಗಿಸಿ, ಮುಂದೆ ಚಾಚಿ ಸಾಧಿಸಬಹುದು. ತುದಿಯಿಂದ ಏಳೆಂಟು ವರಸೆ ಕೆಳಗೆ ಒಂದು ಹಲ್ಲುಸಾಲು ಬರಲಿ: ಅರ್ಧ ಇಟ್ಟಿಗೆಗಳನ್ನು ಓರೆಯಾಗಿ ಕೂರಿಸಿದರೆ ಮೂಲೆಗಳು ಸುಮಾರು ಒಂದು ಅಂಗುಲ ಹೊರಚಾಚಿ, ಇಳಿಬಿಸಿಲಿನಲ್ಲಿ ಸೊಗಸಾದ ನೆರಳು ಬೀಳಿಸುತ್ತವೆ. ಒಳಗೆ ಚಾಚಿದ ಮೂಲೆಗಳನ್ನು ಕೊಚ್ಚಿ, ನಡುವೆ ಉಳಿದ ಮುಕ್ಕೋನದ ಖಾಲಿ ಜಾಗಗಳಿಗೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ತುಂಬಿ ಹೊಗೆದಾರಿಯನ್ನು ಸಮಮಾಡಬೇಕು. ಅದರ ಮೇಲೆ ಮೂರು ವರಸೆಗಳನ್ನು ಮುಕ್ಕಾಲು ಮುಕ್ಕಾಲು ಅಂಗುಲ ಹೊರಚಾಚಬೇಕು. ಒಟ್ಟು ಚಾಚು 2¼ ಅಂಗುಲ, ಅಂದರೆ ಗೋಡೆಯ ದಪ್ಪದ ಅರ್ಧ, ಅದೇ ಮಿತಿ. ಈ ಚಾಚು ಬರಿಯ ಅಂದಕ್ಕಲ್ಲ, ಮಳೆನೀರು ಗೂಡಿನ ಮೈಮೇಲೆ ಹರಿಯದೆ ದೂರ ಬೀಳುವುದು ಇದರಿಂದಲೇ. ಬಳಿಕ ಎರಡು ವರಸೆ ಹಿಂದಕ್ಕೆ ಸರಿದು, ನಾಲ್ಕು ಮೂಲೆಗೆ ಅರ್ಧ ಇಟ್ಟಿಗೆಯ 9 ಅಂಗುಲ ಎತ್ತರದ ಕಂಬಗಳನ್ನು ನಿಲ್ಲಿಸಿ, ಅಂಚಿನ ಕೆಳಗೆ ನೀರು ತಡೆಯುವ ಗೆರೆ ಕೊರೆದ 2 ಅಡಿ ಚೌಕದ ಕಡಪ ಕಲ್ಲನ್ನು ಗಾರೆಯಲ್ಲಿ ಕೂರಿಸಬೇಕು. ನಾಲ್ಕೂ ದಿಕ್ಕು ತೆರೆದಿದ್ದರೆ ಗಾಳಿ ಯಾವ ಕಡೆಯಿಂದ ಬೀಸಿದರೂ ಹೊಗೆಗೆ ದಾರಿಯಿರುತ್ತದೆ. ಹಂಪಿಯ ಗೋಪುರಗಳಲ್ಲಿ ಕಲ್ಲಿನ ತಳದ ಮೇಲೆ ಇಟ್ಟಿಗೆ ಮತ್ತು ಸುಣ್ಣದಲ್ಲಿ ಎದ್ದ ಅಂತಸ್ತುಗಳನ್ನು ಕಂಡ ಗೌಂಡಿಗೆ ಚಾಚುವ, ಹಿಂದೆ ಸರಿಯುವ ಈ ಕ್ರಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೂ ಗಾರೆಯಿಲ್ಲದೆ ನೆಲದ ಮೇಲೆ ಮೇಲ್ತುದಿಯ ವರಸೆಗಳನ್ನು ಒಮ್ಮೆ ಜೋಡಿಸಿ ತೋರಿಸುವಂತೆ ಕೇಳಿ.

ಗಾರೆ ಇನ್ನೂ ಹಸಿಯಿರುವಾಗಲೇ ಸಂದುಗಳನ್ನು ಅರ್ಧ ಅಂಗುಲ ಕೆರೆದು, ಆಮೇಲೆ ಗಾರೆ ತುಂಬಿ ಒತ್ತಬೇಕು; ಇಟ್ಟಿಗೆಯ ಮುಖಕ್ಕೆ ಅಂಟಿದ್ದನ್ನು ಅಂದೇ ಒರೆಸದಿದ್ದರೆ ಬಿಳಿ ಕಲೆ ಉಳಿಯುತ್ತದೆ. ನಮ್ಮ ಬಿಸಿಲಿಗೆ ಬರಿಯ ನೀರು ಚಿಮುಕಿಸಿದರೆ ಸಾಲದು, ಒದ್ದೆ ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ ತೇವವಾಗಿಡಬೇಕು. ಮೂರು ನಾಲ್ಕು ವಾರ ಒಣಗಲು ಬಿಟ್ಟು, ಮೊದಲ ಕೆಲವು ದಿನ ತೆಳುವಾದ ತೊಗರಿ ಕಟ್ಟಿಗೆಯ ಸಣ್ಣ ಉರಿಯನ್ನಷ್ಟೇ ಹಾಕಬೇಕು. ಬಳ್ಳಾರಿ ಜಾಲಿಯ ಹಸಿ ಕಟ್ಟಿಗೆ ಉರಿಸಿದರೆ ಮಸಿ ಬೇಗ ಕಟ್ಟುತ್ತದೆ. ಆದ್ದರಿಂದ ಗೂಡಿನ ಬುಡದಲ್ಲಿ ಬಿಗಿಯಾಗಿ ಮುಚ್ಚುವ ಕಬ್ಬಿಣದ ಪುಟ್ಟ ಬಾಗಿಲೊಂದನ್ನು ಕಟ್ಟುವಾಗಲೇ ಇರಿಸಿ, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬ್ರಷ್ ಇಳಿಬಿಟ್ಟು ಮಸಿಯನ್ನು ಅಲ್ಲಿಂದ ತೆಗೆಯಬೇಕು.