ಔಷಧಿಗಾಗಿ ಮನೆಯಲ್ಲಿ ಗಾಂಜಾ: ಕಾನೂನು ಒಪ್ಪುವ ಕಡೆ ಮೊದಲ ಗಿಡ

ಮೊದಲು ಕಾನೂನು. ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಮನೆಯ ಕುಂಡದಲ್ಲಿ ಒಂದು ಗಾಂಜಾ ಗಿಡ ಬೆಳೆಸಿದರೂ ಅಪರಾಧ. ಶಿಕ್ಷೆ 10 ವರ್ಷದವರೆಗೂ ಹೋಗಬಹುದು, ವೈದ್ಯರ ಚೀಟಿ ತೋರಿಸಿದರೂ ಬಿಡುವುದಿಲ್ಲ. ಇಲ್ಲಿರುವುದು ಅನುಮತಿ ಇರುವ ದೇಶಗಳಲ್ಲಿ ನೆಲೆಸಿದವರಿಗೆ. ಕೆನಡಾದಲ್ಲಿ ವೈದ್ಯರ ದಾಖಲೆಯೊಂದಿಗೆ ಅಲ್ಲಿನ ಆರೋಗ್ಯ ಇಲಾಖೆಯಾದ ಹೆಲ್ತ್ ಕೆನಡಾದಲ್ಲಿ ನೋಂದಣಿ ಮಾಡಿಸಬೇಕು; ಎಷ್ಟು ಗಿಡ, ಯಾವ ವಿಳಾಸದಲ್ಲಿ ಎಂಬುದು ನೋಂದಣಿ ಪತ್ರದಲ್ಲೇ ಇರುತ್ತದೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರು 3 ಗಿಡ ಬೆಳೆಸಬಹುದು. ಬಾಡಿಗೆ ಮನೆಯಾದರೆ ಕರಾರುಪತ್ರವನ್ನೂ ಒಮ್ಮೆ ಓದಿಕೊಳ್ಳಿ.

ಹೊಸಬರ ಗಿಡ ಕೆಡುವುದು ಆರೈಕೆ ಕಡಿಮೆಯಾಗಿ ಅಲ್ಲ, ಅತಿಯಾಗಿ. ನೀರು ಹೆಚ್ಚು, ಗೊಬ್ಬರ ಹೆಚ್ಚು, ಕೊಯ್ಲಿಗೆ ಆತುರ. ಈ ಮೂರನ್ನು ಹಿಡಿತದಲ್ಲಿಟ್ಟರೆ ಅರ್ಧ ಕೆಲಸ ಮುಗಿಯಿತು.

ಬೀಜದಲ್ಲಿ ಎರಡು ಬಗೆ. ಸಾಮಾನ್ಯ ತಳಿ ಬೆಳಕಿನ ಅವಧಿ ನೋಡಿ ಹೂ ಬಿಡುತ್ತದೆ: ದಿನಕ್ಕೆ 18 ಗಂಟೆ ಬೆಳಕಿದ್ದಷ್ಟು ಕಾಲ ಎಲೆ ಬೆಳೆಸುತ್ತದೆ, 12 ಗಂಟೆಗೆ ಇಳಿಸಿದರೆ ಹೂವಿಗೆ ತಿರುಗಿ ಮತ್ತೆ 8ರಿಂದ 10 ವಾರ ತೆಗೆದುಕೊಳ್ಳುತ್ತದೆ. ಆಟೋಫ್ಲವರ್ ತಳಿಗೆ ಬೆಳಕಿನ ಹಂಗಿಲ್ಲ, ವಯಸ್ಸು ಬಂದಾಗ ತಾನೇ ಹೂ ಬಿಟ್ಟು 10–12 ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಮೊದಲ ಸಲಕ್ಕೆ ಆಟೋಫ್ಲವರ್ ಸುಲಭ. ಆದರೆ ನಡುವೆ ಪೆಟ್ಟು ಬಿದ್ದರೆ ಚೇತರಿಸಿಕೊಳ್ಳಲು ಅದಕ್ಕೆ ಸಮಯವಿಲ್ಲ. ಯಾವುದನ್ನೇ ಕೊಂಡರೂ ಹೆಣ್ಣು ಗಿಡವೇ ಬರುವ 'ಫೆಮಿನೈಸ್ಡ್' ಬೀಜ ಕೊಳ್ಳಿ. ಮತ್ತೇರಿಸದ ಅಂಶವಾದ ಸಿಬಿಡಿ ಹೆಚ್ಚಿರಬೇಕೋ, ಮತ್ತೇರಿಸುವ ಟಿಎಚ್‌ಸಿ ಹೆಚ್ಚಿರಬೇಕೋ ಎಂಬುದನ್ನು ವೈದ್ಯರೊಡನೆ ಮಾತಾಡಿ ತೀರ್ಮಾನಿಸಿ, ಬೀಜದ ಪೊಟ್ಟಣದ ಬಣ್ಣ ನೋಡಿ ಅಲ್ಲ.

ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದದ ನಡುವೆ ಬೀಜವಿಟ್ಟು 22–25 ಡಿಗ್ರಿ ಬೆಚ್ಚಗಿಡಿ. ಎರಡರಿಂದ ಐದು ದಿನದಲ್ಲಿ ಬಿಳಿ ಬೇರು ಇಣುಕುತ್ತದೆ. ಅದು ಒಂದು ಸೆಂಟಿಮೀಟರ್ ಆದಾಗ, ಬೇರು ಕೆಳಮುಖವಾಗಿ, ಒಂದು ಸೆಂಟಿಮೀಟರ್ ಆಳದಲ್ಲಿ ನೆಡಿ. ಆಟೋಫ್ಲವರ್ ಆದರೆ ನೇರ ಕೊನೆಯ ಕುಂಡಕ್ಕೇ. 11ರಿಂದ 15 ಲೀಟರಿನ ಬಟ್ಟೆ ಕುಂಡ ಸಾಕು. ಮಿಶ್ರಣ: 6 ಪಾಲು ಕುಂಡದ ಮಣ್ಣು, 3 ಪಾಲು ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರ ಬಿಳಿ ಹರಳು), 1 ಪಾಲು ಎರೆಗೊಬ್ಬರ. ತಿಂಗಳುಗಟ್ಟಲೆ ಗೊಬ್ಬರ ಬಿಡುವ ಗುಳಿಗೆ ಬೆರೆಸಿದ ಮಣ್ಣು ಬೇಡ, ಎಳೆ ಸಸಿ ಸುಟ್ಟುಹೋಗುತ್ತದೆ.

ಒಂದೆರಡು ಗಿಡಕ್ಕೆ 60×60 ಸೆಂಟಿಮೀಟರಿನ ಟೆಂಟು, ನಿಜವಾಗಿ 100–150 ವಾಟ್ ಎಳೆಯುವ ಎಲ್‌ಇಡಿ ದೀಪ, ಟೈಮರ್, ಸಣ್ಣ ಫ್ಯಾನು, ಇದ್ದಿಲ ಫಿಲ್ಟರ್ ಇರುವ ಎಕ್ಸಾಸ್ಟ್ ಬೇಕು. ಡಬ್ಬಿಯ ಮೇಲೆ '1000 ವಾಟ್' ಎಂದಿದ್ದರೆ ನಂಬಬೇಡಿ, ಎಷ್ಟು ಕರೆಂಟು ಎಳೆಯುತ್ತದೆ ಎಂಬುದನ್ನು ಓದಿ. ದೀಪವನ್ನು ಸಸಿಯಿಂದ ಸುಮಾರು 60 ಸೆಂಟಿಮೀಟರ್ ಮೇಲೆ ತೂಗುಹಾಕಿ, ಹೂವಿನ ಹೊತ್ತಿಗೆ 30–40ಕ್ಕೆ ತನ್ನಿ. ಸಸಿ ಉದ್ದಕ್ಕೆ ಎಳೆದುಕೊಂಡು ಬಾಗಿದರೆ ಬೆಳಕು ಸಾಲದು. ತುದಿಯೆಲೆಗಳು ಬಿಳುಚಿ ಮೇಲಕ್ಕೆ ಮುದುಡಿದರೆ ದೀಪ ತೀರಾ ಹತ್ತಿರ.

ನೀರಿಗೆ ದಿನಚರಿ ಇಟ್ಟುಕೊಳ್ಳಬೇಡಿ. ಕುಂಡ ಎತ್ತಿ ನೋಡಿ: ಹಗುರವಾಗಿದ್ದು, ಮೇಲಿನ 2–3 ಸೆಂಟಿಮೀಟರ್ ಒಣಗಿದ್ದರೆ ಮಾತ್ರ ಹಾಕಿ, ತಳದಿಂದ ಸ್ವಲ್ಪ ಸೋರುವಷ್ಟು ಹಾಕಿ, ಸೋರಿದ್ದನ್ನು ಚೆಲ್ಲಿ. ನೀರು ಹೆಚ್ಚಾದಾಗಲೂ ಕಡಿಮೆಯಾದಾಗಲೂ ಎಲೆ ಜೋಲುತ್ತದೆ, ಎಡವುವುದು ಇಲ್ಲೇ. ಹೆಚ್ಚಾಗಿದ್ದರೆ ಎಲೆ ದಪ್ಪಗೆ, ಗಟ್ಟಿಯಾಗಿ ಕೆಳಕ್ಕೆ ಬಾಗಿರುತ್ತದೆ. ಕಡಿಮೆಯಾಗಿದ್ದರೆ ಕಾಗದದಂತೆ ತೆಳ್ಳಗೆ ಸೋತಿರುತ್ತದೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.0ರಿಂದ 6.8ರೊಳಗಿರಲಿ. ಅದು ತಪ್ಪಿದರೆ ಮಣ್ಣಲ್ಲಿ ಗೊಬ್ಬರವಿದ್ದರೂ ಬೇರು ಹೀರಲಾರದು. ಎಲೆ ಹಳದಿಯಾಯಿತೆಂದು ಇನ್ನಷ್ಟು ಗೊಬ್ಬರ ಸುರಿದರೆ ರೋಗಕ್ಕಿಂತ ಮದ್ದೇ ಹಾನಿ. ಮೊದಲ 3 ವಾರ ದ್ರವ ಗೊಬ್ಬರ ಬೇಡ. ಆಮೇಲೆ ಡಬ್ಬಿಯಲ್ಲಿ ಹೇಳಿದ್ದರ ಅರ್ಧ. ಎಲೆತುದಿ ಕಂದು ಬಣ್ಣಕ್ಕೆ ತಿರುಗಿದರೆ ಅದೂ ಜಾಸ್ತಿ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ, ಕೊಯ್ಲಿನ ಹೊತ್ತಿಗಾದರೆ ಸಹಜ.

ಗೆಣ್ಣುಗಳಲ್ಲಿ ಜೋಡಿ ಬಿಳಿ ಎಳೆ ಬಂದರೆ ಹೆಣ್ಣು, ಪುಟ್ಟ ಗುಂಡುಗಳು ಬಂದರೆ ಗಂಡು. ಗಂಡನ್ನು ಕೂಡಲೇ ತೆಗೆಯಿರಿ, ಪರಾಗ ಬಿದ್ದರೆ ಹೂವೆಲ್ಲ ಬೀಜ ಕಟ್ಟುತ್ತದೆ. ಸಾಮಾನ್ಯ ತಳಿಗೆ ಹೂವಿನ ಕಾಲದ ಕತ್ತಲು ಪೂರ್ತಿ ಕತ್ತಲಾಗಿರಲಿ. ಟೆಂಟಿನ ಸಂದಿಯಿಂದ ಬೆಳಕು ನುಸುಳಿದರೆ ಹೆಣ್ಣು ಗಿಡವೂ ಗಂಡು ಹೂ ಬಿಡಬಹುದು.

ತೇವಾಂಶ ಸಸಿಗೆ ಸುಮಾರು 65–70%, ಹೂವಿಗೆ 40–50%. ಅದಕ್ಕೂ ಮೇಲಿದ್ದರೆ ದಟ್ಟ ಹೂಗೊಂಚಲಿನ ಒಳಗೆ ಬೂದು ಬೂಷ್ಟು ಹಿಡಿಯುತ್ತದೆ. ಗೊಂಚಲಿನ ನಡುವೆ ಒಂದೇ ಎಲೆ ಥಟ್ಟನೆ ಒಣಗಿದ್ದು ಕಂಡರೆ ಬಿಡಿಸಿ ನೋಡಿ. ಎಲೆಯಡಿ ಸಣ್ಣ ಚುಕ್ಕೆ, ಬಲೆ ಕಂಡರೆ ಕೆಂಪು ನುಸಿ. ಬೇವಿನೆಣ್ಣೆ ಹೂ ಬರುವ ಮುಂಚೆ ಮಾತ್ರ. ಆಮೇಲೆ ಸಿಂಪಡಿಸಿದ್ದು ಔಷಧಿಯೊಳಗೇ ಉಳಿಯುತ್ತದೆ.

ಕೊಯ್ಲಿಗೆ ಕ್ಯಾಲೆಂಡರ್ ಸಾಲದು, 30ರಿಂದ 60 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಹೂವಿನ ಮೇಲಿನ ರಾಳದ ಹನಿಗಳು ಗಾಜಿನಂತಿದ್ದರೆ ಇನ್ನೂ ಎಳಸು, ಬಹುಪಾಲು ಹಾಲಿನ ಬಣ್ಣವಾಗಿ ಅಲ್ಲಲ್ಲಿ ಜೇನು ಬಣ್ಣ ಕಂಡರೆ ಸಿದ್ಧ.

ಒಣಗಿಸುವುದಕ್ಕೆ ಬೆಳೆಸಿದಷ್ಟೇ ಗಮನ ಬೇಕು. ಕೊಂಬೆಗಳನ್ನು ಕತ್ತಲಲ್ಲಿ ತಲೆಕೆಳಗಾಗಿ ನೇತುಹಾಕಿ, 18–20 ಡಿಗ್ರಿ, 55–60% ತೇವಾಂಶ. ಫ್ಯಾನಿನ ಗಾಳಿ ನೇರವಾಗಿ ತಾಗಬಾರದು. 7ರಿಂದ 14 ದಿನದಲ್ಲಿ ಸಣ್ಣ ಕಡ್ಡಿ ಬಾಗದೆ ಲಟಕ್ಕೆಂದು ಮುರಿಯುತ್ತದೆ. ಹಸಿ ತೂಕದಲ್ಲಿ ಉಳಿಯುವುದು ಐದನೆಯ ಒಂದು ಭಾಗದಷ್ಟೇ. ಆಮೇಲೆ ಗಾಜಿನ ಭರಣಿಗೆ ಮುಕ್ಕಾಲು ತುಂಬಿ, ಸಣ್ಣ ತೇವಮಾಪಕ ಇಟ್ಟು, ಮೊದಲ ಎರಡು ವಾರ ದಿನಕ್ಕೊಮ್ಮೆ 10–15 ನಿಮಿಷ ಮುಚ್ಚಳ ತೆಗೆಯಿರಿ. ಅಳತೆ 58–62% ಇರಲಿ. 65 ದಾಟಿದರೆ ಅಥವಾ ಅಮೋನಿಯಾ ವಾಸನೆ ಬಂದರೆ ಹೊರತೆಗೆದು ಮತ್ತೆ ಒಣಗಿಸಿ. ಬೂಷ್ಟು ಕಂಡದ್ದನ್ನು ಕೆರೆದು ಉಳಿಸಿಕೊಳ್ಳಬೇಡಿ: ರೋಗನಿರೋಧಕ ಶಕ್ತಿ ಕುಂದಿದವರ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಸೋಂಕು ತಗಲುವ ದಾರಿ ಅದೇ.

ಮನೆಯ ಬೆಳೆಯ ಕಡುಪು ಗಿಡದಿಂದ ಗಿಡಕ್ಕೆ ಬದಲಾಗುತ್ತದೆ, ಕಣ್ಣಳತೆಗೆ ಸಿಗದು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಆ ವರದಿ ಹಿಡಿದು ವೈದ್ಯರಿಂದ ಪ್ರಮಾಣ ಕೇಳಿ. ಭರಣಿಗೆ ತಳಿ, ಕೊಯ್ದ ದಿನಾಂಕ ಬರೆದು ಅಂಟಿಸಿ, ಮಕ್ಕಳ ಕೈಗೂ ಸಾಕುಪ್ರಾಣಿಗಳ ಬಾಯಿಗೂ ಸಿಗದಂತೆ ಬೀಗ ಹಾಕಿಡಿ.