ಮೀಟರ್ ತೋರಿಸಿದ್ದು 4.28

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೆ ನಾನು ಸರ್ಕ್ಯೂಟ್ ಅನಾಲಿಸಿಸ್ ಪಾಠ ಮಾಡುತ್ತೇನೆ. ಬ್ಯಾಟರಿ, ರೆಸಿಸ್ಟರುಗಳ ಸರ್ಕ್ಯೂಟ್ ಎಷ್ಟೇ ಜಟಿಲವಾಗಿದ್ದರೂ ಹೊರಗಿನಿಂದ ನೋಡಿದರೆ ಒಂದು ಬ್ಯಾಟರಿ, ಸರಣಿಯಲ್ಲಿ ಒಂದು ರೆಸಿಸ್ಟರ್ ಇದ್ದಂತೆ ಎನ್ನುವ ಥೆವೆನಿನ್ ಪ್ರಮೇಯವನ್ನು ಹಲವು ವರ್ಷ ಬೋರ್ಡಿನ ಮೇಲೇ ಮುಗಿಸುತ್ತಿದ್ದೆ. ಪರೀಕ್ಷೆಯಲ್ಲಿ ಮಕ್ಕಳು ಲೆಕ್ಕ ಸರಿಯಾಗಿಯೇ ಮಾಡುತ್ತಿದ್ದರು. ಇದು ಯಾತಕ್ಕೆ ಬೇಕು ಎಂದು ಕೇಳಿದರೆ ಮಾತ್ರ ತಲೆ ತಗ್ಗಿಸುತ್ತಿದ್ದರು. ಈಗ ಈ ಪಾಠವನ್ನು ಲ್ಯಾಬಿನಿಂದಲೇ ಶುರು ಮಾಡುತ್ತೇನೆ.

ಬದಲಾಯಿಸಿಕೊಂಡದ್ದು ಒಂದು ಆಷಾಢದ ಮಧ್ಯಾಹ್ನ. ಪ್ರಯೋಗ ಸುಲಭದ್ದು: 9 ವೋಲ್ಟ್ ಸಪ್ಲೈಗೆ ಒಂದೊಂದು ಮೆಗಾ ಓಮ್‌ನ ಎರಡು ರೆಸಿಸ್ಟರ್ ಸರಣಿಯಲ್ಲಿ ಜೋಡಿಸಿ, ಕೆಳಗಿನದರ ವೋಲ್ಟೇಜ್ ಅಳೆಯಬೇಕು. ಸಮಪಾಲು, 4.5 ಬರಬೇಕು. ಎಲ್ಲರ ರೆಕಾರ್ಡಿನಲ್ಲೂ 4.50 ಎಂದೇ ಇತ್ತು. ಹೊಸನಗರ ಕಡೆಯ ಒಬ್ಬ ಹುಡುಗಿ ಮಾತ್ರ 4.28 ಎಂದು ಬರೆದು ಹೆದರಿಕೊಂಡೇ ಬಂದಳು. "ಮೇಡಂ, ಮೀಟರ್ ಹಾಳಾಗಿದೆ ಅನ್ಸುತ್ತೆ, ಬೇರೆ ಕೊಡ್ತೀರಾ?"

ಕೊಟ್ಟೆ. ಅದರಲ್ಲೂ 4.28. ಉಳಿದವರು ಮೀಟರ್ ಬಿಟ್ಟು ಲೆಕ್ಕ ನೋಡಿ ಬರೆದಿದ್ದರು!

"ಮೀಟರ್ ಸರಿಯಿದೆ ಕಣಮ್ಮ. ಅದರೊಳಗೂ 10 ಮೆಗಾ ಓಮ್ ಇದೆ. ಅದನ್ನೂ ಸೇರಿಸಿ ಲೆಕ್ಕ ಹಾಕು" ಅಂದೆ. ಮೀಟರಿನ ಕಡೆಯಿಂದ ನೋಡಿದರೆ ಇಡೀ ಸರ್ಕ್ಯೂಟ್ ಒಂದು 4.5 ವೋಲ್ಟ್ ಬ್ಯಾಟರಿ, ಅದರ ಜೊತೆ ಸರಣಿಯಲ್ಲಿ ಅರ್ಧ ಮೆಗಾ ಓಮ್ (ಎರಡು ರೆಸಿಸ್ಟರೂ ಸಮಾಂತರವಾಗಿ ಕಂಡಂತೆ), ಅಷ್ಟೇ. 4.5ನ್ನು 10.5ರಿಂದ ಭಾಗಿಸಿ 10ರಿಂದ ಗುಣಿಸಿದಳು. 4.29 ಬಂತು. ಅವಳ ಮುಖ ಅರಳಿತು.

"ಮೇಡಂ, ನಮ್ಮನೇಲಿ ತೋಟದ ಪಂಪ್‌ಸೆಟ್ ಹಾಕಿದ್ರೆ ಬಲ್ಬ್ ಮಂಕಾಗುತ್ತಲ್ಲ, ಅದೂ ಇದೇನಾ?"

ಅದೂ ಇದೇ. ಟ್ರಾನ್ಸ್‌ಫಾರ್ಮರ್ ದೂರ, ಒಂಟಿ ಮನೆಗೆ ಉದ್ದನೆಯ ಲೈನು. ಮೋಟರು ಕರೆಂಟ್ ಎಳೆದಷ್ಟೂ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ. ಮಲೆನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1883ರಲ್ಲಿ ಈ ಪ್ರಮೇಯ ಪ್ರಕಟಿಸಿದ ಥೆವೆನಿನ್ ಕೂಡ ಫ್ರಾನ್ಸಿನ ತಂತಿ ಇಲಾಖೆಯ ಇಂಜಿನಿಯರ್. ಇದೇ ಮಾತನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಹೇಳಿದ್ದ, ಪ್ರಾಣಿಗಳ ದೇಹದ ವಿದ್ಯುತ್ತನ್ನು ಅಳೆಯುವ ಸಂದರ್ಭದಲ್ಲಿ. ಮಕ್ಕಳಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಮನೆಯ ಕರೆಂಟಿಗೆ ಮೀಟರ್ ಹಿಡಿಯಬೇಡಿ ಎಂದು ಗಟ್ಟಿಯಾಗಿ ಹೇಳಿ, ಹಳೆಯ 9 ವೋಲ್ಟ್ ಬ್ಯಾಟರಿ ಕೊಟ್ಟೆ. ಬರೀ ಬ್ಯಾಟರಿ 8.6 ತೋರಿಸಿತು. 100 ಓಮ್ ಹಾಕಿದ ಕೂಡಲೇ 7.2ಕ್ಕೆ ಇಳಿಯಿತು. 72 ಮಿಲಿ ಆಂಪಿಯರ್ ಹರಿದಾಗ 1.4 ವೋಲ್ಟ್ ಕಳೆದುಹೋಯಿತು ಎಂದರೆ, ಬ್ಯಾಟರಿಯೊಳಗೆ ಸುಮಾರು 19 ಓಮ್ ಕೂತಿದೆ. ಕಾಣದ ರೆಸಿಸ್ಟರನ್ನು ಹೊರಗಿನಿಂದಲೇ ಅಳೆದೆವು ಎಂಬ ಖುಷಿ ಅವರಿಗೆ. (ಆ 100 ಓಮ್ 1 ವ್ಯಾಟಿನದ್ದೇ ಇರಲಿ, ಕಾಲು ವ್ಯಾಟಿನದ್ದಾದರೆ ಕೈ ಸುಡುತ್ತದೆ.)

ಅಂದಿನಿಂದ ರೆಕಾರ್ಡಿನಲ್ಲಿ ಮೂರು ಕಾಲಂ ಹಾಕಿಸಿದ್ದೇನೆ: ಲೆಕ್ಕದಲ್ಲಿ ಬಂದದ್ದು, ಮೀಟರಿನಲ್ಲಿ ಬಂದದ್ದು, ವ್ಯತ್ಯಾಸ ಯಾಕೆ. ಎರಡೂ ಹೊಂದದಿದ್ದರೆ ಅಂಕ ಕಡಿಯುವುದಿಲ್ಲ. ಮೂರನೆಯದು ಖಾಲಿ ಬಿಟ್ಟರೆ ಕಡಿಯುತ್ತೇನೆ.

ಕೆಪಾಸಿಟರ್ ಪಾಠಕ್ಕೂ ಇದೇ ಕ್ರಮ. 10 ಕಿಲೋ ಓಮ್ ರೆಸಿಸ್ಟರಿನ ಮೂಲಕ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಚಾರ್ಜ್ ಆಗಬೇಕು, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. 9 ವೋಲ್ಟಿನ ಶೇ 63, ಅಂದರೆ 5.7 ಮುಟ್ಟಲು 10 ಸೆಕೆಂಡ್ ಬೇಕು. ಕಳೆದ ಸಲ ಒಂದು ಗುಂಪಿಗೆ 12 ಬಂತು. ಅವರ ರೆಕಾರ್ಡ್ ತೆರೆದೆ. 12 ಎಂದೇ ಇತ್ತು. ಪಕ್ಕದಲ್ಲಿ, "ಕೆಪಾಸಿಟರ್ ಮೇಲೆ 1000 ಎಂದಿದ್ದರೂ ಶೇ 20 ಹೆಚ್ಚುಕಡಿಮೆ ಇರಬಹುದು. ಬೇರೊಂದು ಹಾಕಿ ನೋಡಿದೆವು, 9.5 ಬಂತು."